ಲಾರವೆಲ್‌ನಲ್ಲಿ ಸಬ್‌ಕ್ವೆರಿಯನ್ನು ಜಾಯಿನ್ ಮಾಡಿದರೆ ಪಟ್ಟಿ ಖಾಲಿ ಬರುತ್ತಿದೆ

ಪ್ರಶ್ನೆ (ಕೋಲಾರ):
ಇಲ್ಲಿನ ಟೊಮೆಟೊ ಮಂಡಿಯೊಂದರ ಲೆಕ್ಕದ ತಂತ್ರಾಂಶದಲ್ಲಿ (ಪಿಎಚ್‌ಪಿ ಭಾಷೆಯ ವೆಬ್ ಚೌಕಟ್ಟಾದ ಲಾರವೆಲ್‌ನಲ್ಲಿದೆ), ಪ್ರತಿಯೊಬ್ಬ ರೈತರ ಈ ವರ್ಷದ ಕೊನೆಯ ಹರಾಜಿನ ದಿನಾಂಕವನ್ನು ಸಬ್‌ಕ್ವೆರಿಯಿಂದ (ದೊಡ್ಡ ಕ್ವೆರಿಯೊಳಗಿನ ಚಿಕ್ಕ ಕ್ವೆರಿ) ಪಡೆದು, ಅದನ್ನು ಹರಾಜಿನ ಟೇಬಲ್‌ಗೇ ಜಾಯಿನ್ ಮಾಡಿ (ಜೋಡಿಸಿ), ಅಂದಿನ 15 ಕೆಜಿ ಬಾಕ್ಸಿನ ದರವನ್ನು ತೋರಿಸಬೇಕಾಗಿದೆ. ಸಬ್‌ಕ್ವೆರಿಯನ್ನು ಸ್ಟ್ರಿಂಗ್ ಆಗಿ ಸೇರಿಸಿ, ಹೊರಗಿನ ಕ್ವೆರಿಯ ವೇರ್ (ಷರತ್ತು) ಭಾಗದಲ್ಲಿ ಮಂಡಿಯ ಸಂಖ್ಯೆಯನ್ನು ಕೊಟ್ಟ ಮೇಲೆ, ಸಬ್‌ಕ್ವೆರಿಯ ಮೌಲ್ಯಗಳನ್ನು (ವರ್ಷ) ಕೊನೆಯಲ್ಲಿ ಲಾರವೆಲ್‌ನ ಮರ್ಜ್‌ಬೈಂಡಿಂಗ್ಸ್ ಎಂಬ ವಿಧಾನದ ಮೂಲಕ ಕೊಟ್ಟಿದ್ದೇನೆ. ದೋಷವೇನೂ ಕಾಣುತ್ತಿಲ್ಲ, ಆದರೆ ಒಂದು ಸಾಲೂ ಬರುತ್ತಿಲ್ಲ.

ಉತ್ತರ (ತುಮಕೂರು):
ಬೈಂಡಿಂಗ್‌ಗಳ (ಕ್ವೆರಿಯ ಪ್ರಶ್ನಾರ್ಥಕ ಚಿಹ್ನೆಗಳ ಜಾಗದಲ್ಲಿ ಒಂದಾದ ಮೇಲೊಂದು ಕೂರುವ ಮೌಲ್ಯಗಳು) ಕ್ರಮ ತಪ್ಪಿದೆ ಸರ್. ಡೇಟಾಬೇಸ್‌ಗೆ ಹೋಗುವ ಎಸ್‌ಕ್ಯೂಎಲ್ ವಾಕ್ಯದಲ್ಲಿ ಜಾಯಿನ್ ಭಾಗವು ವೇರ್‌ಗಿಂತ ಮೊದಲೇ ಬರುತ್ತದೆ. ತಾವು ಕೊನೆಯಲ್ಲಿ ಸೇರಿಸಿದ ಮೌಲ್ಯಗಳು ಹೊರಗಿನ ವೇರ್ ಮೌಲ್ಯಗಳ ಹಿಂದೆ ನಿಲ್ಲುವುದರಿಂದ, ಮೊದಲ ಪ್ರಶ್ನಾರ್ಥಕ ಚಿಹ್ನೆಯ ಜಾಗದಲ್ಲಿ ವರ್ಷದ ಬದಲು ಮಂಡಿಯ ಸಂಖ್ಯೆ ಹೋಗಿ ಕೂರುತ್ತದೆ. ಡೇಟಾಬೇಸ್‌ಗೆ ಇದು ತಪ್ಪೆಂದು ತಿಳಿಯುವುದಿಲ್ಲ. ಲಾರವೆಲ್‌ನ 5.6ನೇ ಆವೃತ್ತಿಯಲ್ಲಿ ಬಂದ ಜಾಯಿನ್‌ಸಬ್ ಬಳಸಿದರೆ ಮೌಲ್ಯಗಳು ಜಾಯಿನ್ ಗುಂಪಿಗೇ ಸೇರುತ್ತವೆ.

ಉತ್ತರ (ಚಿಕ್ಕಬಳ್ಳಾಪುರ):
ಮೇಲಿನ ಮಾತು ಸರಿ. ಈ ವರ್ಷ ಮಾಲು ತಾರದ ರೈತರೂ ಪಟ್ಟಿಯಲ್ಲಿರಬೇಕಾದರೆ, ರೈತರ ಟೇಬಲ್‌ನಿಂದ ಆರಂಭಿಸಿ ಲೆಫ್ಟ್‌ಜಾಯಿನ್‌ಸಬ್ ಬಳಸಿರಿ. ಒಂದೇ ದಿನ ಎರಡು ಲಾಟ್ ಹರಾಜಾಗಿದ್ದರೆ ಎರಡು ಸಾಲು ಬರುತ್ತವೆ. ಆದ್ದರಿಂದ ಗರಿಷ್ಠ ದಿನಾಂಕದ ಬದಲು ಗರಿಷ್ಠ ಐಡಿಯನ್ನು (ನಮೂದಿನ ಕ್ರಮಸಂಖ್ಯೆ) ಹಿಡಿಯುವುದು ಮೇಲು, ಹಳೆಯ ಚೀಟಿಗಳನ್ನು ತಡವಾಗಿ ನಮೂದಿಸುವ ರೂಢಿ ನಿಮ್ಮಲ್ಲಿ ಇಲ್ಲದಿದ್ದರೆ ಮಾತ್ರ.

ಪ್ರಶ್ನೆ ಕೇಳಿದವರು:
ಜಾಯಿನ್‌ಸಬ್‌ನಿಂದ ಪಟ್ಟಿ ಸರಿಯಾಗಿ ಬಂದಿತು. ತಡವಾಗಿ ನಮೂದಿಸುವ ರೂಢಿ ನಮ್ಮಲ್ಲಿ ಇರುವುದರಿಂದ ದಿನಾಂಕವನ್ನೇ ಉಳಿಸಿಕೊಂಡಿದ್ದೇನೆ.