ಅಪ್‌ಡೇಟ್: ಪೋಷಕರ ಸಭೆಗೆ ಈ ಬಾರಿ ಜನ ಬಂದರು

ನಮ್ಮದು ಬೆಂಗಳೂರಿನ ಹೊರವಲಯದ ಸರ್ಕಾರಿ ಶಾಲೆ, ಮಕ್ಕಳ ಮನೆಭಾಷೆ ಕನ್ನಡ, ತೆಲುಗು, ತಮಿಳು, ಉರ್ದು, ಹಿಂದಿ. ಸಭೆಗೆ ಪೋಷಕರನ್ನು ಕರೆತರುವುದು ಹೇಗೆ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಭಾನುವಾರ ಸಭೆ ಮುಗಿಯಿತು.

ಕೆಲಸ ಮಾಡಿದ್ದು ಎರಡು ಸಲಹೆ. ಮೊದಲನೆಯದು ಸಭೆಯನ್ನು ಭಾನುವಾರಕ್ಕೆ ಬದಲಿಸಿದ್ದು. ವಾರದ ದಿನ ಮಧ್ಯಾಹ್ನ 3ಕ್ಕೆ ಕರೆದರೆ ಗಾರೆ ಕೆಲಸದವರಿಗೆ ಆ ದಿನದ ಕೂಲಿಯೇ ಹೋಗುತ್ತದೆ. ಎರಡನೆಯದು ಚೀಟಿಯ ಬದಲು 40 ಸೆಕೆಂಡಿನ ವಾಯ್ಸ್ ಮೆಸೇಜ್, ಆಯಾ ಭಾಷೆಯ ತಾಯಂದಿರ ದನಿಯಲ್ಲೇ. ಇದನ್ನು ರಾತ್ರಿ 8ರ ಮೇಲೆ ಕಳಿಸಬೇಕು. ಹಗಲಲ್ಲಿ ಮನೆಯ ಒಂದೇ ಫೋನು ಅಪ್ಪನ ಜೊತೆ ಸೈಟಿನಲ್ಲಿರುತ್ತದೆ.

ಆ್ಯಪ್‌ನಲ್ಲಿ ಅನುವಾದಿಸಿದ ನೋಟಿಸ್ ಉಪಯೋಗಕ್ಕೆ ಬರಲಿಲ್ಲ. ತಮಿಳು ಮಾತಾಡುವವರೆಲ್ಲ ತಮಿಳು ಓದುವುದಿಲ್ಲ. ಮಕ್ಕಳನ್ನೇ ದುಭಾಷಿ ಮಾಡುವುದಂತೂ ಬೇಡವೇ ಬೇಡ: ತಮ್ಮ ಬಗ್ಗೆ ಹೇಳಿದ್ದನ್ನು ಅರ್ಧ ನುಂಗುತ್ತಾರೆ, ಹೆತ್ತವರಿಗೂ ಮುಜುಗರ. ಭಾಷೆವಾರು 8–10 ಜನರ ಗುಂಪು, ಗುಂಪಿಗೊಬ್ಬ ಹಿರಿಯರು ಅಂತ ಕೂರಿಸಿದಾಗಲೇ ಮಾತು ಹೊರಟಿದ್ದು.

ನಿರೀಕ್ಷಿಸದೇ ಇದ್ದದ್ದು ಒಂದಿದೆ. ಶಾಲೆಯಿಂದ ಕರೆ ಬಂತೆಂದರೆ ದೂರು ಇಲ್ಲವೇ ದುಡ್ಡು ಅಂತ ತುಂಬಾ ಜನ ಅಂದುಕೊಂಡಿದ್ದರು! 'ಹಣ ಕೇಳುವುದಿಲ್ಲ, ಮಗುವಿನ ನೋಟ್‌ಬುಕ್ ತೋರಿಸುತ್ತೇವೆ' ಅಂತ ಮೊದಲ ವಾಕ್ಯದಲ್ಲೇ ಹೇಳಿಬಿಡಿ.

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಬಗ್ಗೆ ಕೇಳಿದವರಿಗೆ: 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಶಾಲಾ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಭಾಗ ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು. ವಲಸೆ ಕುಟುಂಬದ ತಾಯಂದಿರನ್ನು ಈ ಸಮಿತಿಗೆ ತರುವುದು ಮುಂದಿನ ಕೆಲಸ.