ಘಾಟಿ ಇಳಿಯುವಾಗ ಹಿಂದಿನ ಬ್ರೇಕ್ ಹಿಡಿಯಲೇ ಇಲ್ಲ, ಯಾಕೆ?

ಪ್ರಶ್ನೆ: ಅಣ್ಣಾ, ನಮ್ಮ ಮನೆ ಮಡಿಕೇರಿ ಹತ್ತಿರ. ವಾರಕ್ಕೊಮ್ಮೆ ಬೈಕಲ್ಲಿ ಸುಳ್ಯಕ್ಕೆ ಹೋಗುತ್ತೇನೆ. ಮೊನ್ನೆ ಕೊಯನಾಡು ಹತ್ತಿರ ಬರುವಾಗ ಹಿಂದಿನ ಡಿಸ್ಕ್ ಬ್ರೇಕಿನ ಪೆಡಲ್ ಪೂರ್ತಿ ಕೆಳಗೆ ಹೋಯಿತು, ಬ್ರೇಕ್ ಹಿಡಿಯಲಿಲ್ಲ. ಬದಿಗೆ ನಿಲ್ಲಿಸಿ ಅರ್ಧ ಗಂಟೆ ಬಿಟ್ಟು ನೋಡಿದರೆ ಮತ್ತೆ ಸರಿ! ಪ್ಯಾಡ್ ಹೊಸದು. ಗಾಡಿಗೆ 5 ವರ್ಷ, ಬ್ರೇಕ್ ಆಯಿಲ್ ಒಮ್ಮೆಯೂ ಬದಲಾಯಿಸಿಲ್ಲ.

ಉತ್ತರ: ಅಕ್ಕಾ, ಆಯಿಲ್ ಬದಲಾಯಿಸುವ ತನಕ ಘಾಟಿ ಇಳಿಯಬೇಡಿ. ತಣ್ಣಗಾದ ಮೇಲೆ ಸರಿಹೋಯಿತು ಅಂದಿರಲ್ಲ, ಅಲ್ಲೇ ಗೊತ್ತಾಯಿತು. ನಿಮ್ಮ ಆಯಿಲ್ ಕುದಿದಿದೆ.

ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವ ಹೀರುತ್ತದೆ. ನಮ್ಮ ಮಳೆಗಾಲ ಗೊತ್ತಲ್ವಾ? ಡಾಟ್ 4 (ಬ್ರೇಕ್ ಆಯಿಲಿನ ಒಂದು ದರ್ಜೆ) ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು. ಶೇಕಡ 3.7ರಷ್ಟು ನೀರು ಸೇರಿದರೆ ಆ ಮಟ್ಟ 155ಕ್ಕೆ ಇಳಿಯುತ್ತದೆ. ಇಳಿಜಾರಿನಲ್ಲಿ ಪೆಡಲ್ ಮೇಲೆ ಕಾಲಿಟ್ಟೇ ಬಂದರೆ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಕಾದು ಆಯಿಲ್ ಆವಿಯಾಗುತ್ತದೆ. ನೀವು ತುಳಿದಾಗ ಆ ಆವಿ ಅಮುಕಿಕೊಳ್ಳುತ್ತದೆ ಅಷ್ಟೆ, ಪ್ಯಾಡಿಗೆ ಒತ್ತಡ ಹೋಗುವುದಿಲ್ಲ.

ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿ ನೋಡಿ. ಬಿಗಿಯಾಗಿದ್ದರೆ ಕೆಸರು ಕೂತು, ಕ್ಯಾಲಿಪರಿನೊಳಗೆ ಪ್ಯಾಡನ್ನು ತಳ್ಳುವ ಪಿಸ್ಟನ್ ಹಿಂದೆ ಸರಿಯುತ್ತಿಲ್ಲ. ಆಗ ಆಯಿಲ್ ಒಂದೇ ಬದಲಾಯಿಸಿದರೆ ಸಾಲದು, ಕ್ಯಾಲಿಪರ್ ಬಿಚ್ಚಿ ತೊಳೆಯಬೇಕು. ಅದಕ್ಕೆ ಪೆಟ್ರೋಲ್, ಸೀಮೆಎಣ್ಣೆ ಮುಟ್ಟಿಸಬೇಡಿ, ರಬ್ಬರ್ ಸೀಲ್ ಉಬ್ಬುತ್ತದೆ.

ಪ್ರಶ್ನೆ: ಮನೆಯಲ್ಲೇ ಬದಲಾಯಿಸಬಹುದಾ ಅಣ್ಣಾ? ಗಾಡಿಯಲ್ಲಿ ಎಬಿಎಸ್ (ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲ. ಹೋದ ವರ್ಷದ ಅರ್ಧ ಬಾಟಲಿ ಡಾಟ್ 4 ಇದೆ.

ಉತ್ತರ: ಆ ಬಾಟಲಿ ಬೇಡ. ಮುಚ್ಚಳ ತೆರೆದದ್ದು, ಅದೂ ತೇವ ಎಳೆದಿರುತ್ತದೆ. ಸೀಲ್ ಇರುವ ಹೊಸದು ತನ್ನಿ. ಗಾಡಿಯಲ್ಲಿ ಬ್ರೇಕ್ ಆಯಿಲ್ ತುಂಬುವ ಡಬ್ಬಿಯ ಮುಚ್ಚಳದ ಮೇಲೆ ಬರೆದ ನಂಬರನ್ನೇ ಹಾಕಿ. ಡಾಟ್ 5 ಸಿಲಿಕೋನಿನದ್ದು, ಇದಕ್ಕೆ ಬೆರೆಸಲೇಬಾರದು.

ಜೊತೆಗೆ ಒಬ್ಬರಿರಲಿ. ಅವರು ಪೆಡಲ್ ತುಳಿದು ಹಿಡಿದಿರಬೇಕು, ನೀವು ಕ್ಯಾಲಿಪರಿನ ಬ್ಲೀಡರ್ (ಆಯಿಲ್ ಹೊರಬಿಡುವ ಸ್ಕ್ರೂ) ಸ್ವಲ್ಪ ಸಡಿಲಿಸಬೇಕು. ಆಯಿಲ್ ಬಂದ ಮೇಲೆ ಮೊದಲು ಬ್ಲೀಡರ್ ಬಿಗಿ ಮಾಡಿ, ಆಮೇಲೆ ಪೆಡಲ್ ಬಿಡಲಿ. ತಿರುಗಾ ಮುರುಗಾ ಆದರೆ ಗಾಳಿ ಒಳಗೆ ಹೋಗುತ್ತದೆ. ಮೇಲಿನ ಡಬ್ಬಿ ಖಾಲಿಯಾಗಲು ಬಿಡಬೇಡಿ. ಮೊದಲು ಬೆಲ್ಲದ ಕಾಫಿ ಬಣ್ಣದ್ದು ಬರಬಹುದು. ತಿಳಿಯಾಗಿ, ಗುಳ್ಳೆ ಇಲ್ಲದೆ ಬರುವ ತನಕ ಮಾಡಿ. ಪೇಂಟ್ ಮೇಲೆ ಬಿದ್ದರೆ ತಕ್ಷಣ ನೀರು ಹಾಕಿ. ಕೈ ನಡುಗಿದರೆ ಸುಮ್ನೆ ಗ್ಯಾರೇಜಿಗೆ ಕೊಡಿ, ಬ್ರೇಕ್ ವಿಷಯ ಅಲ್ವಾ.

ಕಂಪನಿಯವರು ಸಾಮಾನ್ಯವಾಗಿ 2 ವರ್ಷ ಅನ್ನುತ್ತಾರೆ. ನಮ್ಮೂರಿನ ಗಾಡಿಗಳಿಗೆ ನಾನು ಪ್ರತಿ ಮಳೆಗಾಲ ಮುಗಿದ ಮೇಲೆ ಬದಲಾಯಿಸುತ್ತೇನೆ. ಇನ್ನು ಮುಂದೆ ಎರಡನೇ, ಮೂರನೇ ಗೇರಲ್ಲಿ ಇಳಿಯಿರಿ. ತಿರುವಿಗೆ ಮುಂಚೆ ಎರಡೂ ಬ್ರೇಕ್ ಹಿಡಿದು ಆಮೇಲೆ ಸಡಿಲ ಬಿಡಿ, ಉಳಿದ ಕಡೆ ಎಂಜಿನ್ನೇ ತಡೆಯಲಿ.

ಪ್ರಶ್ನೆ: ಚಕ್ರ ಬಿಗಿ ಇದೆ ಅಣ್ಣಾ, ಈಗಷ್ಟೇ ನೋಡಿದೆ.

ಉತ್ತರ: ಹಾಗಿದ್ದರೆ ನೀವು ಬಿಚ್ಚಬೇಡಿ. ನಾಳೆ ಮಡಿಕೇರಿಯಲ್ಲೇ ಗ್ಯಾರೇಜಿಗೆ ಹಾಕಿ, ಪಿಸ್ಟನ್ ಸೀಲ್ ಕೂಡ ಹೊಸದು ಹಾಕಿಸಿ.