ತೇಲುವ ಮ್ಯಾಗ್ನೆಟ್ ಬುಗುರಿ: ಪ್ಲೇಟ್ ಬಿಟ್ಟು ಏಳುತ್ತಿಲ್ಲ, ಎದ್ದರೆ ನಿಲ್ಲುತ್ತಿಲ್ಲ

ಗರಗರ_ಬುಗುರಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಲೆವಿಟ್ರಾನ್ ಮಾದರಿಯ ತೇಲುವ ಬುಗುರಿ (ತಳದ ಕಾಂತದ ಮೇಲಿಟ್ಟ ಪ್ಲೇಟಿನಲ್ಲಿ ತಿರುಗಿಸಿ, ಪ್ಲೇಟ್ ಎತ್ತಿದಾಗ ಗಾಳಿಯಲ್ಲಿ ತೇಲಿ ನಿಲ್ಲುವ ಆಟಿಕೆ) ಕಲಿಯುತ್ತಿದ್ದೇನೆ. ಸೆಟ್‌ನಲ್ಲಿ ಇರುವುದು: ಚೌಕದ ತಳ (ಒಳಗೆ ಕಪ್ಪು ಫೆರೈಟ್ ಮ್ಯಾಗ್ನೆಟ್), ಅದಕ್ಕೆ ಮೂರು ಸ್ಕ್ರೂ ಕಾಲು, ಪಾರದರ್ಶಕ ಪ್ಲಾಸ್ಟಿಕ್ ಪ್ಲೇಟ್, ಬುಗುರಿ, ಅದರ ಕಡ್ಡಿಗೆ ಏರಿಸಲು ಹಿತ್ತಾಳೆ ಮತ್ತು ಪ್ಲಾಸ್ಟಿಕ್ ವಾಷರ್‌ಗಳು, ವಾಷರ್ ಅಲುಗದಂತೆ ಹಿಡಿಯುವ ರಬ್ಬರ್ ರಿಂಗ್.

ತೊಂದರೆ ಎರಡು. ತಿರುಗಿಸಿ ಬಿಟ್ಟ ಕೂಡಲೇ ಬುಗುರಿ ಪ್ಲೇಟಿನ ಅಂಚಿಗೆ ಓಡಿ ಮಗುಚಿಕೊಳ್ಳುತ್ತದೆ. ಹತ್ತು ಸಲ ತಿರುಗಿಸಿದರೆ ನೆಟ್ಟಗೆ ನಿಲ್ಲುವುದು ಎರಡೇ ಸಲ. ಹಾಗೆ ನಿಂತಾಗ ಪ್ಲೇಟ್ ಎತ್ತಿದರೆ 5 ಸೆಂ.ಮೀ. ದಾಟಿದರೂ ಬುಗುರಿ ಪ್ಲೇಟ್ ಬಿಡುವುದಿಲ್ಲ. ದೊಡ್ಡ ವಾಷರ್ ಒಂದನ್ನು ತೆಗೆದರೆ ಚಂಗನೆ ನೆಗೆದು ಪಕ್ಕಕ್ಕೆ ಹಾರಿಹೋಗುತ್ತದೆ. ನಡುವಿನ ಹದ ಸಿಗುತ್ತಿಲ್ಲ. ಸ್ಟೀಲ್ ಕಾಲಿನ ಗಾಜಿನ ಟೀಪಾಯಿ ಮೇಲೆ ಇಟ್ಟಿದ್ದೇನೆ, ಫ್ಯಾನ್ ಆಫ್ ಮಾಡಿದ್ದೇನೆ. ಯಾವುದನ್ನು ಮೊದಲು ಸರಿಮಾಡಬೇಕು?

ತಿರುಗಣಿ

ಮೊದಲು ಟೀಪಾಯಿ ಬದಲಿಸಿ ಸರ್. ಸ್ಟೀಲ್ ಕಾಲು, ಗಾಜಿನ ಕೆಳಗಿನ ಕಬ್ಬಿಣದ ಫ್ರೇಮು, ಪಕ್ಕದ ಬೀರು, ಎಲ್ಲವೂ ತಳದ ಕಾಂತಕ್ಷೇತ್ರವನ್ನು ಒಂದು ಕಡೆಗೆ ಎಳೆದು ಬಿಡುತ್ತವೆ. ಪೂರ್ತಿ ಮರದ ಮೇಜು ಅಥವಾ ನೆಲ ಆಗುತ್ತದೆ. ಮೇಜಿನ ಡ್ರಾಯರ್‌ಗೆ ಕಬ್ಬಿಣದ ಚಾನಲ್ ಇದ್ದರೆ ಅದರ ಮೇಲೆ ಬರದಂತೆ ಇಡಿ. ದೊಡ್ಡ ಕಬ್ಬಿಣದ ಸಾಮಾನಿನಿಂದ ಒಂದು ಮೀಟರ್ ದೂರ ಇರಲಿ.

ಇನ್ನು ತೂಕದ ಗೊಡವೆ ಈಗಲೇ ಬೇಡ. ಬುಗುರಿ ಪ್ಲೇಟ್ ಮೇಲೆ ನೆಟ್ಟಗೆ ತಿರುಗುವ ತನಕ ವಾಷರ್ ಬದಲಿಸಿದರೂ ಏನೂ ತಿಳಿಯುವುದಿಲ್ಲ, ಯಾಕೆಂದರೆ ಬಿದ್ದದ್ದು ತೂಕದಿಂದಲೋ ಓಲಾಟದಿಂದಲೋ ಹೇಳಲಾಗುವುದಿಲ್ಲ.

ತಿರುಗಿಸುವ ಕೈ ಹೀಗಿರಬೇಕು. ಹೆಬ್ಬೆರಳು ಮತ್ತು ನಡುಬೆರಳಿನ ತುದಿಯಲ್ಲಿ ಕಡ್ಡಿ ಹಿಡಿಯಿರಿ. ಮೊಣಕೈ ಮೇಜಿನ ಮೇಲೆ ಊರಿರಲಿ, ಕೈ ಮೇಲಿನಿಂದ ನೇರವಾಗಿ ಬರಲಿ. ಓರೆಯಾಗಿ ಬಂದರೆ ಬಿಡುವ ಗಳಿಗೆಯಲ್ಲಿ ಕಡ್ಡಿ ಒಂದು ಬದಿಗೆ ಎಳೆಯುತ್ತದೆ. ಮೊನೆ ಪ್ಲೇಟಿಗೆ ತಾಗಿರುವಂತೆ ಸ್ವಲ್ಪವೇ ಕೆಳಗೆ ಒತ್ತಿ, ಚಿಟಿಕೆ ಹೊಡೆಯುವ ಹಾಗೆ ತಿರುವಿ, ಬೆರಳುಗಳನ್ನು ಎರಡೂ ಬದಿಗೆ ಒಟ್ಟಿಗೇ ಬಿಚ್ಚಿ. ಬಹಳ ಜನ ಬಿಡುವಾಗ ಕೈಯನ್ನು ಮೇಲಕ್ಕೆ ಎತ್ತುತ್ತಾರೆ. ಅಂಚಿಗೆ ಓಡುವ ಬುಗುರಿಗಳಲ್ಲಿ ಹೆಚ್ಚಿನವು ಕೆಡುವುದು ಅಲ್ಲಿಯೇ.

ಇದನ್ನು ಮೊದಲು ತಳದಿಂದ ದೂರ, ಬರೀ ಮರದ ಮೇಜಿನ ಮೇಲೆ ಅಭ್ಯಾಸ ಮಾಡಿ. ಅಲ್ಲಿ ಹತ್ತಕ್ಕೆ ಒಂಬತ್ತು ಸಲ ಒಂದೇ ಜಾಗದಲ್ಲಿ ನಿಂತು ತಿರುಗಿದ ಮೇಲೆ ತಳಕ್ಕೆ ಬನ್ನಿ. ಸಾಮಾನ್ಯ ಬುಗುರಿಗೆ ಇಲ್ಲದ ಕಷ್ಟ ಇಲ್ಲಿದೆ: ತಳದ ಕಾಂತವು ಬುಗುರಿಯನ್ನು ಸದಾ ಮಗುಚಲು ನೋಡುತ್ತಿರುತ್ತದೆ. ಪ್ಲೇಟಿನ ನಡುವೆ ಕೆಲವೇ ಮಿ.ಮೀ. ಜಾಗದಲ್ಲಿ ಮಾತ್ರ ಆ ಸೆಳೆತ ಹತೋಟಿಯಲ್ಲಿರುತ್ತದೆ. ಆ ನಡುವನ್ನು ಪ್ಲೇಟಿನ ಕೆಳಮೈಯಲ್ಲಿ ಮಾರ್ಕರ್‌ನಿಂದ ಚುಕ್ಕೆ ಇಟ್ಟು ಗುರುತಿಸಿ. ಆಮೇಲೂ ಕಷ್ಟವಾದರೆ ಪ್ಲೇಟಿನ ಕೆಳಗೆ 5 ಮಿ.ಮೀ. ದಪ್ಪದ ಪ್ಲೈವುಡ್ ತುಂಡು ಇಡಿ. ತಳದಿಂದ ಅಷ್ಟು ದೂರವಾದರೂ ಮಗುಚುವ ಸೆಳೆತ ಕಡಿಮೆಯಾಗುತ್ತದೆ.

ಮ್ಯಾಗ್ನೆಟಿಕ್_ಮೇಷ್ಟ್ರು

ತಿರುಗಣಿಯವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ತಿರುಗುವ ವೇಗವನ್ನು ಊಹಿಸಬೇಡಿ, ಅಳೆಯಿರಿ. ಬುಗುರಿಯ ಅಂಚಿಗೆ ಬಿಳಿ ಬಣ್ಣದ ಒಂದು ಚುಕ್ಕೆ ಇಟ್ಟು, ಫೋನಿನಲ್ಲಿ ಸೆಕೆಂಡಿಗೆ 240 ಫ್ರೇಮಿನ ಸ್ಲೋಮೋಷನ್ ವಿಡಿಯೊ ತೆಗೆಯಿರಿ. ಚುಕ್ಕೆ ಮತ್ತೆ ಅದೇ ಜಾಗಕ್ಕೆ ಬರಲು 8 ಫ್ರೇಮ್ ಬೇಕಾದರೆ ಸೆಕೆಂಡಿಗೆ 30 ಸುತ್ತು, 12 ಬೇಕಾದರೆ 20 ಸುತ್ತು. ಈ ಜಾತಿಯ ಬುಗುರಿಗೆ 25ರಿಂದ 30 ಸುತ್ತು ಒಳ್ಳೆಯ ಆರಂಭ. 20ರ ಕೆಳಗೆ ಇಳಿಯುತ್ತಿದ್ದಂತೆ ಓಲಾಟ ಅಗಲವಾಗಿ ಬಿದ್ದೇ ಬೀಳುತ್ತದೆ. ಫೋನು ತಳದಿಂದ 30 ಸೆಂ.ಮೀ. ಆಚೆಗಿರಲಿ.

ಪ್ಲೇಟ್ ಎತ್ತುವ ಮೊದಲು ಆರಂಭದ ಓಲಾಟ ಅಡಗಲು ಎರಡು ಮೂರು ಸೆಕೆಂಡ್ ಕೊಡಿ. ಅದಕ್ಕಿಂತ ಹೆಚ್ಚು ಕಾದರೆ ಮೊನೆಯ ತಿಕ್ಕಾಟಕ್ಕೆ ವೇಗ ಸುಮ್ಮನೆ ಸವೆದುಹೋಗುತ್ತದೆ.

ಕಡ್ಡಿಪುಡಿ_88

ಬೆರಳಿನ ಗೋಜೇ ಬೇಡ, ಸಣ್ಣ ಡ್ರಿಲ್ ಮಷೀನಿಗೆ ರಬ್ಬರ್ ಪೈಪ್ ಸಿಕ್ಕಿಸಿ ಜೋರಾಗಿ ತಿರುಗಿಸಿ. ವೇಗ ಹೆಚ್ಚಿದಷ್ಟೂ ಬುಗುರಿ ಸ್ಥಿರ ಅಲ್ಲವೇ?

ಮ್ಯಾಗ್ನೆಟಿಕ್_ಮೇಷ್ಟ್ರು

ಇಲ್ಲ, ಈ ಬುಗುರಿಯಲ್ಲಿ ಹಾಗಲ್ಲ. ಇದು ಮುಖ್ಯ ವಿಷಯ, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಿಶ್ಚಲವಾದ ಕಾಯಂ ಕಾಂತಗಳಿಂದ ಮಾತ್ರ ಇನ್ನೊಂದು ಕಾಂತವನ್ನು ಗಾಳಿಯಲ್ಲಿ ಸ್ಥಿರವಾಗಿ ನಿಲ್ಲಿಸಲಾಗದು. ಇದನ್ನು 19ನೇ ಶತಮಾನದಲ್ಲೇ ಸ್ಯಾಮ್ಯುಯೆಲ್ ಅರ್ನ್‌ಶಾ ತೋರಿಸಿದ್ದ. ರಾಯ್ ಹ್ಯಾರಿಗನ್‌ಗೆ 1983ರಲ್ಲಿ ತಿರುಗುವ ಬುಗುರಿಯ ತೇಲಾಟಕ್ಕೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತು. ಅದು ಯಾಕೆ ಬೀಳುವುದಿಲ್ಲ ಎಂಬ ಗಣಿತವನ್ನು 1996ರಲ್ಲಿ ಭೌತವಿಜ್ಞಾನಿ ಮೈಕೇಲ್ ಬೆರಿ ಬಿಡಿಸಿದರು. ಗುಟ್ಟು ಇಷ್ಟೇ: ತಿರುಗುತ್ತಿರುವುದರಿಂದ ಬುಗುರಿ ಮಗುಚುವುದಿಲ್ಲ, ಅದೊಂದೇ ಸಾಲದು. ಬುಗುರಿ ನಡುವಿನಿಂದ ಒಂದು ಕೂದಲೆಳೆ ಪಕ್ಕಕ್ಕೆ ಸರಿದರೆ ಅಲ್ಲಿಯ ಕಾಂತಕ್ಷೇತ್ರದ ದಿಕ್ಕು ಸ್ವಲ್ಪ ವಾಲಿರುತ್ತದೆ. ಬುಗುರಿಯ ಅಕ್ಷವೂ ಆ ದಿಕ್ಕಿನ ಸುತ್ತ ಓಲಾಡುತ್ತ ಅದನ್ನೇ ಅನುಸರಿಸಬೇಕು. ಆಗ ಮಾತ್ರ ಅದನ್ನು ಮತ್ತೆ ನಡುವಿಗೆ ತರುವ ಬಲ ಹುಟ್ಟುತ್ತದೆ. ತಿರುಗುವ ವೇಗ ಹೆಚ್ಚಾದಷ್ಟೂ ಓಲಾಟ ನಿಧಾನವಾಗುತ್ತದೆ. ವೇಗ ವಿಪರೀತವಾದರೆ ಅಕ್ಷವು ತನ್ನ ದಿಕ್ಕನ್ನೇ ಹಟ ಹಿಡಿದು, ಕ್ಷೇತ್ರದ ವಾಲಿಕೆಯನ್ನು ಅನುಸರಿಸಲಾರದೆ ಪಕ್ಕಕ್ಕೆ ಜಾರುತ್ತದೆ. ಹಾಗಾಗಿ ಈ ಆಟಕ್ಕೆ ಕನಿಷ್ಠ ವೇಗವೂ ಇದೆ, ಗರಿಷ್ಠ ವೇಗವೂ ಇದೆ. ಡ್ರಿಲ್ ಹಾಕಿದರೆ ಮೇಲಿನ ಮಿತಿಯನ್ನು ಸುಲಭವಾಗಿ ದಾಟಿಬಿಡುತ್ತೀರಿ. ಅದೂ ಅಲ್ಲದೆ ಡ್ರಿಲ್ಲಿನ ಕಬ್ಬಿಣಕ್ಕೆ ಬುಗುರಿ ಅಂಟಿಕೊಳ್ಳುತ್ತದೆ. ಫೆರೈಟ್ ಪಿಂಗಾಣಿಯ ಹಾಗೆ, ಪೆಟ್ಟು ಬಿದ್ದರೆ ಚಕ್ಕೆ ಏಳುತ್ತದೆ. ಚಕ್ಕೆ ಎದ್ದ ಬುಗುರಿಗೆ ಸಮತೂಕ ಹೋಯಿತು.

ಗರಗರ_ಬುಗುರಿ

ಮರದ ಮೇಜಿಗೆ ಬದಲಿಸಿದೆ. ಪ್ಲೈವುಡ್ ತುಂಡು ಇಟ್ಟ ಮೇಲೆ ಹತ್ತಕ್ಕೆ ಏಳು ಸಲ ನೆಟ್ಟಗೆ ನಿಲ್ಲುತ್ತಿದೆ. ವಿಡಿಯೊದಲ್ಲಿ ಒಂದು ಸುತ್ತಿಗೆ 9 ಫ್ರೇಮ್. ತೂಕದ ಸಮಸ್ಯೆ ಮಾತ್ರ ಹಾಗೆಯೇ ಇದೆ: ಒಂದು ವಾಷರ್ ಇದ್ದರೆ ಏಳುವುದಿಲ್ಲ, ತೆಗೆದರೆ ನೆಗೆಯುತ್ತದೆ.

ತಿರುಗಣಿ

9 ಫ್ರೇಮ್ ಅಂದರೆ ಸೆಕೆಂಡಿಗೆ ಸುಮಾರು 27 ಸುತ್ತು, ಬಹಳ ಚೆನ್ನಾಗಿದೆ. ಈಗ ತೂಕಕ್ಕೆ ಬರೋಣ.

ನಿಮ್ಮ ಎರಡು ವಾಷರ್ ಜೋಡಣೆಗಳ ನಡುವೆ ಎಲ್ಲೋ ಸರಿಯಾದ ತೂಕ ಅಡಗಿದೆ. ಈ ಕಿಂಡಿ ಬಹಳ ಕಿರಿದು, ಬುಗುರಿಯ ಒಟ್ಟು ತೂಕದ ಹೆಚ್ಚುಕಡಿಮೆ ನೂರಕ್ಕೆ ಒಂದು ಭಾಗ. 20 ಗ್ರಾಂ ಬುಗುರಿಯಾದರೆ 0.2 ಗ್ರಾಂ. ಕಣ್ಣಂದಾಜಿಗೆ ಸಿಗುವಂಥದ್ದಲ್ಲ, ಆದ್ದರಿಂದ 0.01 ಗ್ರಾಂ ತೋರಿಸುವ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ ಬೇಕು. ಬುಗುರಿಯನ್ನು ತಕ್ಕಡಿಯ ತಟ್ಟೆಯ ಮೇಲೆ ನೇರವಾಗಿ ಇಡಬೇಡಿ. ತಕ್ಕಡಿಯೊಳಗಿನ ಉಕ್ಕನ್ನು ಕಾಂತ ಎಳೆದು ತೂಕ ಸುಳ್ಳು ಹೇಳುತ್ತದೆ. 10 ಸೆಂ.ಮೀ. ಎತ್ತರದ ಪೇಪರ್ ಕಪ್ಪನ್ನು ಬೋರಲು ಹಾಕಿ, ತೂಕವನ್ನು ಸೊನ್ನೆಗೆ ತಂದು, ಅದರ ಮೇಲೆ ಬುಗುರಿ ಇಡಿ.

ಸೆಟ್‌ನ ಅತಿ ಹಗುರ ವಾಷರ್‌ಗಿಂತ ಸಣ್ಣ ಹೆಜ್ಜೆ ಬೇಕಾದಾಗ ಜೆರಾಕ್ಸ್ ಕಾಗದ ಸಾಕು. 80 ಜಿಎಸ್‌ಎಂ ಕಾಗದ ಒಂದು ಚದರ ಸೆಂ.ಮೀ.ಗೆ 8 ಮಿಲಿಗ್ರಾಂ ತೂಗುತ್ತದೆ. ಕೈವಾರದಿಂದ 2 ಸೆಂ.ಮೀ. ವ್ಯಾಸದ ವೃತ್ತ ಬರೆದು ಕತ್ತರಿಸಿದರೆ ಒಂದೊಂದೂ ಸುಮಾರು 25 ಮಿಲಿಗ್ರಾಂ. ಕೈವಾರದ ಮುಳ್ಳು ಚುಚ್ಚಿದ ತೂತನ್ನೇ ಅಗಲ ಮಾಡಿ ಕಡ್ಡಿಗೆ ಏರಿಸಿ, ಆಗ ನಡು ತಪ್ಪುವುದಿಲ್ಲ. ಇಂಥವು ಹತ್ತು ಮಾಡಿಟ್ಟುಕೊಳ್ಳಿ. ಮೇಲೆ ರಬ್ಬರ್ ರಿಂಗ್ ಬಿಗಿಯಾಗಿ ಕೂರಲಿ. ವಾಷರ್ ಸಡಿಲವಾಗಿ ಗಿಲಕಿ ಹಾಗೆ ಆಡಿದರೆ ಬುಗುರಿ ನಡುಗುತ್ತದೆ, ಆ ನಡುಕ ತೂಕದ ದೋಷದಂತೆಯೇ ಕಾಣುತ್ತದೆ.

ಭಾರದ ಕಡೆಯಿಂದ ಶುರುಮಾಡಿ. ನೆಗೆಯುವ ತೂಕಕ್ಕೆ ಆರೇಳು ಕಾಗದ ಸೇರಿಸಿ, ತಿರುಗಿಸಿ, ಎತ್ತಿ ನೋಡಿ. ಏಳದಿದ್ದರೆ ಒಂದೊಂದೇ ತೆಗೆಯುತ್ತ ಬನ್ನಿ.

ಎತ್ತುವುದಕ್ಕೂ ಒಂದು ಕ್ರಮ ಇದೆ. ಪ್ಲೇಟಿನ ಎದುರು ಅಂಚುಗಳನ್ನು ಎರಡೂ ಕೈಯಲ್ಲಿ ಹಿಡಿದು ಸಮನಾಗಿ, ಒಂದು ಸೆಂ.ಮೀ.ಗೆ ಒಂದು ಸೆಕೆಂಡಿನ ಲೆಕ್ಕದಲ್ಲಿ ಮೇಲೆ ತನ್ನಿ. ಮೊನೆ ಪ್ಲೇಟಿನ ಮೇಲೆ ಉಜ್ಜುವ ಸಣ್ಣ ಕಿರ್ರ್ ಸದ್ದು ಬೆರಳಿಗೂ ತಿಳಿಯುತ್ತಿರುತ್ತದೆ. ತಳದಿಂದ 3 ಸೆಂ.ಮೀ. ಆಸುಪಾಸಿನಲ್ಲಿ ಆ ಕಂಪನ ಥಟ್ಟನೆ ನಿಲ್ಲುತ್ತದೆ, ಬುಗುರಿ ಸದ್ದಿಲ್ಲದೆ ಪ್ಲೇಟಿನಿಂದ ಬಿಡಿಸಿಕೊಂಡು ಒಂದೆರಡು ಮಿ.ಮೀ. ಮೇಲೆ ನಿಲ್ಲುತ್ತದೆ. ಅಲ್ಲಿಗೇ ಕೈ ನಿಲ್ಲಿಸಿ, ಪ್ಲೇಟನ್ನು ಕೆಳಗಿಳಿಸಿ, ಆಮೇಲೆ ಪಕ್ಕಕ್ಕೆ ಜಾರಿಸಿ. ತೂಕ ಸರಿಯಿದ್ದೂ ಪ್ಲೇಟನ್ನು ಎಳೆದಾಡಿ ಎತ್ತಿದರೆ, ಹಗುರ ಬುಗುರಿಯ ಹಾಗೆಯೇ ಅದೂ ನೆಗೆಯುತ್ತದೆ.

ಗರಗರ_ಬುಗುರಿ

ಸಿಕ್ಕಿತು! ನಾಲ್ಕು ಕಾಗದಕ್ಕೆ ಎದ್ದಿತು. ಒಟ್ಟು ತೂಕ 20.46 ಗ್ರಾಂ. ಆದರೆ ಆರೇಳು ಸೆಕೆಂಡ್ ನಿಂತು ಕಿಟಕಿ ಕಡೆಗೆ ಜಾರಿ ಬೀಳುತ್ತದೆ. ಐದು ಸಲವೂ ಅದೇ ಕಡೆ. ಕಿಟಕಿ ಮುಚ್ಚಿದೆ.

ತಿರುಗಣಿ

ಒಂದೇ ಕಡೆ ಬೀಳುತ್ತಿದೆ ಎಂದರೆ ತೂಕ ಮುಟ್ಟಬೇಡಿ, ತಳ ವಾಲಿದೆ. ಯಾವ ಕಡೆ ಬೀಳುತ್ತದೋ ಆ ಕಡೆಯ ಕಾಲನ್ನು ಎತ್ತರಿಸಿ. ಒಮ್ಮೆಗೆ ಕಾಲು ಸುತ್ತು ಮಾತ್ರ. ಸ್ಕ್ರೂವಿನ ಎರಡು ಮರೆಗಳ (ಥ್ರೆಡ್) ನಡುವಿನ ಅಂತರ 1 ಮಿ.ಮೀ. ಇದ್ದರೆ ಕಾಲು ಸುತ್ತಿಗೆ 0.25 ಮಿ.ಮೀ. ಏರುತ್ತದೆ, ತಳದ ಅಗಲ 12 ಸೆಂ.ಮೀ. ಆದರೆ ಅದು ಡಿಗ್ರಿಯ ಎಂಟನೇ ಒಂದು ಭಾಗದಷ್ಟು ವಾಲಿಕೆ. ಕಡಿಮೆ ಅನ್ನಿಸಬಹುದು, ಬುಗುರಿಗೆ ಅದು ಸಾಕಷ್ಟಾಯಿತು. ಸ್ಕ್ರೂ ಇಲ್ಲದ ತಳವಾದರೆ ಮೂಲೆಗೆ ಎರಡು ಮೂರು ಕಾಗದದ ಮಡಿಕೆ ಕೊಡಬಹುದು.

ರಸಮಟ್ಟ ಇಟ್ಟು ನೋಡುವುದು ಆರಂಭಕ್ಕೆ ಸರಿ. ಕೊನೆಯ ಹದಕ್ಕೆ ಬುಗುರಿಯ ಮಾತೇ ಪ್ರಮಾಣ, ಯಾಕೆಂದರೆ ತಳದ ಕಾಂತ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ತಳ ಮಟ್ಟವಾಗಿದ್ದರೂ ಕ್ಷೇತ್ರ ವಾಲಿರಬಹುದು.

ಬೀಳುವ ರೀತಿ ನೋಡಿ ಕಾರಣ ಹಿಡಿಯಿರಿ. ಒಂದೇ ಕಡೆ ಜಾರಿದರೆ ಮಟ್ಟ. ಮೇಲೆ ನೆಗೆದು ಆಮೇಲೆ ಜಾರಿದರೆ ಹಗುರ. ಪ್ಲೇಟ್ ಬಿಡದಿದ್ದರೆ ಭಾರ. ಒಂದೊಂದು ಸಲ ಒಂದೊಂದು ಕಡೆ, ಎದ್ದ ಕೂಡಲೇ ಅಗಲವಾಗಿ ಓಲಾಡಿ ಬಿದ್ದರೆ ತಿರುಗಿಸಿದ ಕೈ. ಚೆನ್ನಾಗಿ ನಿಂತಿದ್ದು ಕೊನೆಗೆ ಓಲಾಟ ಬೆಳೆದು ಬಿದ್ದರೆ ಅದು ದೋಷವಲ್ಲ, ಗಾಳಿಯ ತಡೆಗೆ ವೇಗ ಇಳಿದಿದೆ. ಎಲ್ಲ ಸರಿಯಿದ್ದರೆ ಎರಡು ನಿಮಿಷದ ಮೇಲೆ ತೇಲುವುದು ಸಾಮಾನ್ಯ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ತೂಕ, ಕಾಲು ಎರಡನ್ನೂ ಒಟ್ಟಿಗೆ ಮುಟ್ಟಿದರೆ ಮತ್ತೆ ಮೊದಲಿನಿಂದ ಶುರು.

ಕಲ್ಬುರ್ಗಿ_ಬಿಸಿಲು

ನಡುವೆ ಕೇಳುತ್ತಿದ್ದೇನೆ, ಕ್ಷಮಿಸಿ. ನಮ್ಮಲ್ಲಿ ಬೆಳಿಗ್ಗೆ ಎರಡು ನಿಮಿಷ ನಿಲ್ಲುವ ಬುಗುರಿ ಮಧ್ಯಾಹ್ನ ಪ್ಲೇಟನ್ನೇ ಬಿಡುವುದಿಲ್ಲ. ಜಾಗ ಬದಲಿಸಿಲ್ಲ, ವಾಷರ್ ಬದಲಿಸಿಲ್ಲ. ಮ್ಯಾಗ್ನೆಟ್ ಸತ್ತುಹೋಗುತ್ತಿದೆಯೇ?

ಮ್ಯಾಗ್ನೆಟಿಕ್_ಮೇಷ್ಟ್ರು

ಮ್ಯಾಗ್ನೆಟ್ ಸತ್ತಿಲ್ಲ, ಬಿಸಿಯಾಗಿದೆ ಅಷ್ಟೇ. ಫೆರೈಟ್ ಕಾಂತದ ಬಲ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.2 ಪ್ರತಿಶತ ಇಳಿಯುತ್ತದೆ. ತಳ, ಬುಗುರಿ ಎರಡೂ ಫೆರೈಟ್ ಆದ್ದರಿಂದ ಎತ್ತುವ ಬಲ ಡಿಗ್ರಿಗೆ 0.4 ಪ್ರತಿಶತ ಇಳಿಯುತ್ತದೆ. 20 ಗ್ರಾಂ ಬುಗುರಿಗೆ ಡಿಗ್ರಿಯೊಂದಕ್ಕೆ 80 ಮಿಲಿಗ್ರಾಂ, ಅಂದರೆ ಮೇಲೆ ಹೇಳಿದ ಕಾಗದದ ಬಿಲ್ಲೆ ಮೂರು. ಮಧ್ಯಾಹ್ನಕ್ಕೆ ಕೋಣೆ 6 ಡಿಗ್ರಿ ಏರಿದರೆ ಅರ್ಧ ಗ್ರಾಂ ತೆಗೆಯಬೇಕು. ತಣ್ಣಗಾದರೆ ಅಷ್ಟೇ ಸೇರಿಸಬೇಕು. ತಣ್ಣಗಾದ ಮೇಲೆ ಬಲ ಮರಳಿ ಬರುತ್ತದೆ, ಹೆದರಬೇಡಿ.

ತಳ ದಪ್ಪ ಇರುವುದರಿಂದ ಕೋಣೆಯ ಬಿಸಿಗಿಂತ ಹಿಂದೆ ಬೀಳುತ್ತದೆ. ಬುಗುರಿಯಾದರೋ ಕೈಯಲ್ಲಿ ಹಿಡಿದ ಕೂಡಲೇ ಬೆಚ್ಚಗಾಗುತ್ತದೆ. ಅದಕ್ಕೇ ಬುಗುರಿಯನ್ನು ಕಡ್ಡಿಯಿಂದ ಹಿಡಿಯಿರಿ, ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಬೇಡಿ. ಎಸಿ ಕೋಣೆಗೆ ತಂದರೆ ಒಂದು ತಾಸು ಬಿಟ್ಟು ಆಡಿ. ಒಂದು ಹಾಳೆಯಲ್ಲಿ ಕೋಣೆಯ ಬಿಸಿ ಮತ್ತು ತೇಲಿದ ತೂಕ ಬರೆದಿಟ್ಟರೆ ನಾಲ್ಕೈದು ದಿನದಲ್ಲಿ ನಿಮ್ಮ ಬುಗುರಿಯ ಪಟ್ಟಿ ನಿಮ್ಮ ಕೈಲಿರುತ್ತದೆ.

ಗರಗರ_ಬುಗುರಿ

ಕಿಟಕಿ ಕಡೆಯ ಕಾಲು ಮುಕ್ಕಾಲು ಸುತ್ತು ಏರಿಸಿದೆ. 1 ನಿಮಿಷ 50 ಸೆಕೆಂಡ್ ನಿಂತಿತು! ತುಂಬಾ ಧನ್ಯವಾದಗಳು. ಇದರ ಸುತ್ತ ಬಳೆ ಹಾಯಿಸುವುದನ್ನು ನೋಡಿದ್ದೇನೆ. ಅದಕ್ಕೆ ಯಾವ ಬಳೆ, ಹೇಗೆ?

ತಿರುಗಣಿ

ಗಾಜಿನ ಬಳೆ, ಅಳತೆ 2.8 (ಎರಡು ಇಂಚು, ಮೇಲೆ ಇಂಚಿನ ಹದಿನಾರರಲ್ಲಿ ಎಂಟು ಭಾಗ). ಅದರ ಒಳವ್ಯಾಸ ಎರಡೂವರೆ ಇಂಚು, ಅಂದರೆ 63.5 ಮಿ.ಮೀ. 3 ಸೆಂ.ಮೀ. ಅಗಲದ ಬುಗುರಿಗೆ ಸುತ್ತಲೂ ಒಂದೂವರೆ ಸೆಂ.ಮೀ. ಬಿಡುವು ಸಿಗುತ್ತದೆ. ಕಬ್ಬಿಣದ ತಂತಿ ಸೇರಿದ ಫ್ಯಾನ್ಸಿ ಬಳೆ ಬೇಡವೇ ಬೇಡ. ಹಿತ್ತಾಳೆ, ಅಲ್ಯೂಮಿನಿಯಂ ಬಳೆಗೆ ಬುಗುರಿ ಅಂಟುವುದಿಲ್ಲ ನಿಜ, ಆದರೆ ಲೋಹದ ಉಂಗುರ ಕಾಂತದ ಬಳಿ ಸರಿದಾಗ ಅದರಲ್ಲಿ ಕರೆಂಟ್ ಹುಟ್ಟಿ ಬುಗುರಿಯನ್ನು ತಳ್ಳುತ್ತದೆ.

ಬಳೆಯನ್ನು ಎರಡು ಬೆರಳಲ್ಲಿ ಮಟ್ಟವಾಗಿ ಹಿಡಿದು ಕಡ್ಡಿಯ ಮೇಲಿನಿಂದ ನೇರ ಕೆಳಗಿಳಿಸಿ. ಬುಗುರಿಯ ಅಂಚು ದಾಟುವಾಗ ನಿಲ್ಲಿಸಬೇಡಿ, ಆತುರವೂ ಬೇಡ. ಬುಗುರಿಗೂ ತಳಕ್ಕೂ ನಡುವೆ ಬಂದ ಮೇಲೆ ಪಕ್ಕಕ್ಕೆ ಎಳೆದು ತೆಗೆಯಿರಿ. ಉಸಿರು ತಾಗದಂತೆ ಮುಖ ಸ್ವಲ್ಪ ದೂರವಿರಲಿ.

ಬಳೆಗಿಂತ ಮೊದಲು ಕಲಿಯಬೇಕಾದದ್ದು ಇಳಿಸಿಕೊಳ್ಳುವುದು. ಓಲಾಟ ಅಗಲವಾಗುತ್ತಿದೆ ಅನ್ನಿಸಿದ ಕೂಡಲೇ ಪ್ಲೇಟನ್ನು ಪಕ್ಕದಿಂದ ತಳದ ಮೇಲೆ ತಂದು, ಮೊನೆ ತಾಗುವ ತನಕ ಮೆಲ್ಲಗೆ ಏರಿಸಿ, ಬುಗುರಿ ಸಮೇತ ಕೆಳಗಿಳಿಸಿ. ತಾನಾಗಿ ಬಿದ್ದರೆ ಬುಗುರಿ ಮಗುಚಿ ತಳಕ್ಕೆ ಫಟ್ಟನೆ ಬಡಿಯುತ್ತದೆ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಮನೆಯಲ್ಲಿದ್ದರೆ ಅವರ ಹತ್ತಿರ ಈ ತಳ ಇಡಬೇಡಿ.

ಕಲ್ಬುರ್ಗಿ_ಬಿಸಿಲು

0.45 ಗ್ರಾಂ ತೆಗೆದೆ ಮೇಷ್ಟ್ರೇ. ಕೋಣೆ 37 ಡಿಗ್ರಿ ಇದೆ, ಬುಗುರಿ ತೇಲುತ್ತಿದೆ.